ಕೋರ್ಟಿಗೆ ಬಂದ ವಿಜ್ಞಾನ, ಕೇರಿಯಿಂದ ಹೋದ ಸ್ಯಾಂಪಲ್ಲು



ಜಡ್ಜುಗಳಿಗೆ ವಿಜ್ಞಾನದ ತರಬೇತಿ ಕೊಡಬೇಕು ಅನ್ನೋ ಮಾತು ಈಗ ಜೋರಾಗಿ ಕೇಳ್ತಿದೆ. ಕಾರಣವೂ ಇದೆ. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದಿವೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆ ಆಗಬಹುದಾದ ಅಪರಾಧ ನಡೆದ ಜಾಗಕ್ಕೆ ವಿಧಿವಿಜ್ಞಾನದ ತಜ್ಞರು ಹೋಗಲೇಬೇಕು ಅಂತ ಅದರಲ್ಲಿದೆ. ಇದನ್ನು ಜಾರಿಗೆ ತರೋಕೆ ರಾಜ್ಯಗಳಿಗೆ ಐದು ವರ್ಷದ ಗಡುವು ಕೊಟ್ಟಿದ್ದಾರೆ. ಇನ್ನು ಮೇಲೆ ರಕ್ತದ ವರದಿ, ಡಿಎನ್ಎ ವರದಿ, ಮೊಬೈಲಿನ ವರದಿಗಳೆಲ್ಲ ಕೋರ್ಟಿಗೆ ಮೂಟೆಗಟ್ಟಲೆ ಬರ್ತವೆ. ಅದನ್ನು ಓದಿ ತೀರ್ಪು ಬರೆಯಬೇಕಾದವರು ಕಾನೂನು ಓದಿ ಬಂದವರು. ಅವರಿಗೆ ತರಬೇತಿ ಕೊಡಲಿ, ನಮ್ಮ ವಿರೋಧ ಇಲ್ಲ. ಆದರೆ ಆ ಪಾಠ ಎಲ್ಲಿಂದ ಶುರುವಾಗಬೇಕು ಅನ್ನೋದರ ಬಗ್ಗೆ ನಾವು ಹೇಳೋದಿದೆ.

ಇದು ನಮಗ್ಯಾಕೆ ಅಂತ ಹಾಸ್ಟೆಲಿನ ಗೆಳೆಯರು ಕೇಳಬಹುದು. ಕಂಬಾಲಪಲ್ಲಿಯನ್ನು ನೆನೆಸಿಕೊಳ್ಳಿ. 2000ದ ಮಾರ್ಚ್ 11ರಂದು, ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಆ ಊರಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿ ಬಿದ್ದಿದ್ದರು. ಯಾಕೆ ತಿರುಗಿ ಬೀಳ್ತಾರೆ ಅನ್ನೋದನ್ನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಾರ ಹೊಲದಲ್ಲಿ ಕೂಲಿ ಮಾಡಬೇಕೋ, ಯಾರ ಅಂಗಡಿಯಿಂದ ಉಪ್ಪು ತರಬೇಕೋ ಅವರ ಎದುರಿಗೇ ಕಟಕಟೆ ಹತ್ತೋದು ಹುಡುಗಾಟವಲ್ಲ. ಮನುಷ್ಯ ಹೆದರ್ತಾನೆ. ಬಟ್ಟೆ ಮೇಲಿನ ರಕ್ತ ಹೆದರಲ್ಲ. ಸೀಮೆಎಣ್ಣೆ ಕುಡಿದ ಮಣ್ಣು ಊರ ಯಜಮಾನನ ಮುಖ ನೋಡಿ ಮಾತು ಬದಲಾಯಿಸಲ್ಲ. ವಿಜ್ಞಾನ ಕೋರ್ಟಿಗೆ ಬರಲಿ ಅಂತ ಎಲ್ಲರಿಗಿಂತ ಮೊದಲು ಕೇಳಬೇಕಾದವರು ನಾವೇ.

ಆದರೆ ವಿಜ್ಞಾನದ ಹೆಸರು ಹೇಳಿಕೊಂಡು ಕೋರ್ಟಿನೊಳಗೆ ಏನೇನು ನುಗ್ಗಿದೆ ನೋಡಿ. 1972ರಲ್ಲಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸ್ ಠಾಣೆಯೊಳಗೇ ಅತ್ಯಾಚಾರ ನಡೆಯಿತು. ಹುಡುಗಿಗೆ ಇನ್ನೂ ಹದಿನಾರು ತುಂಬಿರಲಿಲ್ಲ ಅಥವಾ ಆಗ ತುಂಬಿತ್ತು, ಅಷ್ಟೇ ವಯಸ್ಸು. ಹೈಕೋರ್ಟು ಪೊಲೀಸರಿಗೆ ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ಡಾಕ್ಟರ ವರದಿಯಲ್ಲಿ ಮೈಮೇಲೆ ಗಾಯ ಇಲ್ಲ ಅಂತಿತ್ತು, ಎರಡು ಬೆರಳು ಸಲೀಸಾಗಿ ಹೋಗ್ತವೆ ಅಂತಿತ್ತು. ಗಾಯ ಇಲ್ಲ ಅಂದರೆ ಒಪ್ಪಿಗೆ ಇತ್ತು ಅನ್ನೋ ಲೆಕ್ಕ. ರಾತ್ರಿ ಹೊತ್ತು ಠಾಣೆಯಲ್ಲಿ, ಯೂನಿಫಾರಂ ಹಾಕಿದವನ ಮುಂದೆ ಒಬ್ಬ ಬಡ ಹುಡುಗಿಯ ಮೈ ಹೇಗೆ ಮರಗಟ್ಟಿಹೋಗ್ತದೆ ಅನ್ನೋದು ಯಾವ ವರದಿಯಲ್ಲೂ ಇರಲಿಲ್ಲ. 1979ರಲ್ಲಿ ನಾಲ್ಕು ಜನ ಕಾನೂನು ಮೇಷ್ಟ್ರುಗಳು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು, ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನು ಬದಲಾಯಿತು. ಆದರೂ ಎರಡು ಬೆರಳಿನ ಪರೀಕ್ಷೆ ನಿಲ್ಲಲಿಲ್ಲ! ಅದು ತಪ್ಪು ಅಂತ ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. 2022ರ ಅಕ್ಟೋಬರ್ 31ರಂದು ಮತ್ತೆ ಹೇಳಬೇಕಾಯ್ತು: ಇದಕ್ಕೆ ವೈಜ್ಞಾನಿಕ ಆಧಾರವೇ ಇಲ್ಲ, ಇನ್ನು ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಅಂತ. ಅಲ್ಲೀವರೆಗೆ ಎಷ್ಟು ಜನ ಜಡ್ಜುಗಳು ಈ ಹೇಸಿಗೆಯನ್ನು ವಿಜ್ಞಾನ ಅಂತ ನಂಬಿ ಓದಿರಬೇಕು?

ಈಗ ಹಾಥರಸ್. 2020ರ ಸೆಪ್ಟೆಂಬರ್ 14ರಂದು ಉತ್ತರ ಪ್ರದೇಶದ ಆ ಹಳ್ಳಿಯ ದಲಿತ ಹುಡುಗಿಯ ಮೇಲೆ ಹಲ್ಲೆ ನಡೆಯಿತು. ಲೈಂಗಿಕ ದೌರ್ಜನ್ಯದ ಪರೀಕ್ಷೆ ನಡೆದದ್ದು 22ಕ್ಕೆ. ಸ್ಯಾಂಪಲ್ಲು ಲ್ಯಾಬಿಗೆ ಮುಟ್ಟಿದ್ದು 25ಕ್ಕೆ. ಇಂಥ ಕುರುಹುಗಳನ್ನು 96 ಗಂಟೆಯೊಳಗೆ ತೆಗೆಯಬೇಕು ಅಂತ ಸರ್ಕಾರದ್ದೇ ಮಾರ್ಗಸೂಚಿ ಹೇಳ್ತದೆ. 29ಕ್ಕೆ ಹುಡುಗಿ ಸತ್ತಳು. ಮನೆಯವರನ್ನು ದೂರ ಇಟ್ಟು ಪೊಲೀಸರೇ ನಡುರಾತ್ರಿ ಹೆಣ ಸುಟ್ಟರು. ಆಮೇಲೆ ದೊಡ್ಡ ಪೊಲೀಸ್ ಅಧಿಕಾರಿಯೊಬ್ಬರು ಬಂದು, ಲ್ಯಾಬಿನ ವರದಿಯಲ್ಲಿ ವೀರ್ಯ ಇಲ್ಲ, ಆದ್ದರಿಂದ ಅತ್ಯಾಚಾರ ಆಗಿಲ್ಲ ಅಂದರು. ಅತ್ಯಾಚಾರ ಸಾಬೀತಾಗೋಕೆ ವೀರ್ಯ ಬೇಕು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. 2023ರ ಮಾರ್ಚ್ 2ರಂದು ಕೋರ್ಟು ಮೂವರನ್ನು ಬಿಟ್ಟಿತು. ಒಬ್ಬನಿಗೆ ಮಾತ್ರ ಜೀವಾವಧಿ, ಅದೂ ಕೊಲೆಯಲ್ಲದ ನರಹತ್ಯೆ ಮತ್ತು ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ. ಅತ್ಯಾಚಾರದ ಆರೋಪ ನಿಲ್ಲಲಿಲ್ಲ.

ಲ್ಯಾಬಿನವರು ಸುಳ್ಳು ಬರೆದರು ಅಂತ ನಾವು ಹೇಳ್ತಿಲ್ಲ. ಯಂತ್ರ ತನ್ನ ಮುಂದೆ ಇಟ್ಟದ್ದನ್ನ ನೋಡ್ತದೆ. ಅದನ್ನ ಯಾವತ್ತು ತೆಗೆದರು, ಯಾಕೆ ಅಷ್ಟು ದಿನ ತೆಗೆಯಲಿಲ್ಲ ಅನ್ನೋದು ಯಂತ್ರಕ್ಕೆ ಗೊತ್ತಿಲ್ಲ. ಆ ತಡಕ್ಕೆ ಜಾತಿ ಇದೆ. ತಡ ಆದಾಗ "ಕುರುಹು ಸಿಗಲಿಲ್ಲ" ಅನ್ನೋದು ಬೇರೆ, "ಘಟನೆ ನಡೆದಿಲ್ಲ" ಅನ್ನೋದು ಬೇರೆ. ಇಷ್ಟು ಗೊತ್ತಿಲ್ಲದ ಜಡ್ಜಿಗೆ ಡಿಎನ್ಎಯ ಏಣಿಯ ಚಿತ್ರ ಬರೆದು ತೋರಿಸಿ ಏನು ಪ್ರಯೋಜನ?

ಇದೇ ತಪ್ಪು ಆರೋಪಿಯ ಕಡೆಗೂ ಬೀಳ್ತದೆ. ದಿಲ್ಲಿಯ ಛಾವ್ಲಾ ಕೇಸಿನಲ್ಲಿ ಮೂರು ಜನ ಯುವಕರಿಗೆ ಗಲ್ಲು ಆಗಿತ್ತು, ಡಿಎನ್ಎ ಹೊಂದಿದೆ ಅಂತ. 2012ರ ಫೆಬ್ರವರಿಯಲ್ಲಿ ತೆಗೆದ ಸ್ಯಾಂಪಲ್ಲುಗಳು ಹತ್ತು ದಿನಕ್ಕೂ ಮೇಲೆ ಸ್ಟೇಷನ್ನಿನ ಮುದ್ದೆಮಾಲು ಕೋಣೆಯಲ್ಲೇ ಬಿದ್ದಿದ್ದವು. ಸೆಷನ್ಸ್ ಕೋರ್ಟಾಗಲಿ ಹೈಕೋರ್ಟಾಗಲಿ ಡಿಎನ್ಎ ವರದಿಯ ಬುಡ ನೋಡಲಿಲ್ಲ, ತಜ್ಞರು ವಿಧಾನವನ್ನು ಸರಿಯಾಗಿ ಬಳಸಿದರಾ ಅಂತ ಕೇಳಲಿಲ್ಲ ಎಂದು ಸುಪ್ರೀಂ ಕೋರ್ಟು 2022ರ ನವೆಂಬರಿನಲ್ಲಿ ಹೇಳಿ ಮೂವರನ್ನೂ ಬಿಟ್ಟಿತು. ಸತ್ತ ಹುಡುಗಿಯ ತಾಯ್ತಂದೆಗೆ ಹತ್ತು ವರ್ಷ ಕಾದದ್ದಷ್ಟೇ ಬಂತು. ಮೊದಲ ಜಡ್ಜು ಮೊದಲ ದಿನವೇ ಸೀಲಿನ ಬಗ್ಗೆ ಎರಡು ಪ್ರಶ್ನೆ ಕೇಳಿದ್ದರೆ?

ಜಡ್ಜುಗಳಿಗೆ ವಿಜ್ಞಾನ ಹತ್ತಲ್ಲ ಅಂತಲೂ ಅಲ್ಲ. ನಮ್ಮ ರಾಜ್ಯದಿಂದ ಹೋದ ಒಂದು ಕೇಸೇ ಇದೆ. ಒಂದು ಕಾಲಕ್ಕೆ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ನಾರ್ಕೋ ಪರೀಕ್ಷೆಗೆ ದೇಶಕ್ಕೆಲ್ಲ ಹೆಸರಾಗಿತ್ತು. ನರಕ್ಕೆ ಸೋಡಿಯಂ ಪೆಂಟೋಥಾಲ್ ಚುಚ್ಚಿ, ಅರೆ ಎಚ್ಚರದಲ್ಲಿ ಬಡಬಡಿಸಿದ್ದನ್ನ ಸತ್ಯ ಅಂತ ಬರೆದುಕೊಳ್ಳೋದು. ಟೀವಿಯವರಿಗೆ ಹಬ್ಬ. ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ಕೇಸಿನಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು, ಒಪ್ಪಿಗೆ ಇಲ್ಲದೆ ನಾರ್ಕೋ, ಸುಳ್ಳುಪತ್ತೆ, ಮಿದುಳು ಪರೀಕ್ಷೆ ಮಾಡೋದು ಸಂವಿಧಾನಕ್ಕೆ ವಿರುದ್ಧ ಅಂದಿತು. ಪೀಠದ ಮುಖ್ಯಸ್ಥರು ಕೆ.ಜಿ. ಬಾಲಕೃಷ್ಣನ್. ಈ ದೇಶದ ಮುಖ್ಯ ನ್ಯಾಯಮೂರ್ತಿಯಾದ ಮೊದಲ ದಲಿತ, ವೈಕಂ ಹತ್ತಿರದವರು. ದೇವಸ್ಥಾನದ ಸುತ್ತಲ ರಸ್ತೇಲಿ ನಡೆಯೋಕೆ 1924ರಲ್ಲಿ ಸತ್ಯಾಗ್ರಹ ಮಾಡಬೇಕಾಗಿ ಬಂದ ಅದೇ ವೈಕಂ. ಆ ತೀರ್ಪನ್ನು ಲಾ ಓದುವ ಗೆಳೆಯರು ಪೂರ್ತಿ ಓದಬೇಕು. ಔಷಧದ ಅಮಲಿನಲ್ಲಿ ಮನುಷ್ಯ ಕಲ್ಪನೆಯನ್ನೂ ಹೇಳಬಲ್ಲ, ಕೇಳುವವನ ಸೂಚನೆಗೂ ಬೀಳಬಲ್ಲ ಅಂತ ಅದರಲ್ಲಿ ಬಿಡಿಸಿ ಹೇಳಿದ್ದಾರೆ. ಸುಳ್ಳುಪತ್ತೆ ಯಂತ್ರ ಅಳೆಯೋದು ಎದೆಬಡಿತ, ಉಸಿರು, ರಕ್ತದೊತ್ತಡ. ಸುಳ್ಳಿಗೂ ಹೆದರಿಕೆಗೂ ಅದಕ್ಕೆ ವ್ಯತ್ಯಾಸ ಗೊತ್ತಾಗಲ್ಲ. ಸ್ಟೇಷನ್ನಿನ ಮೆಟ್ಟಿಲು ಹತ್ತಿದಾಗ ನಮ್ಮವರ ಎದೆ ಯಾವತ್ತು ನಿಧಾನಕ್ಕೆ ಬಡಿದಿದೆ?

ಹೀಗೆ ಬುಡ ಕೆದಕಿ ನೋಡೋ ತರಬೇತಿ ನಮಗೆ ಬೇಕು. ಭೋಪಾಲದಲ್ಲಿ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿ ಇದೆ, ಬೆಂಗಳೂರಲ್ಲಿ ರಾಜ್ಯದ್ದಿದೆ. ಅಲ್ಲಿ ಲ್ಯಾಬಿನ ವಿಜ್ಞಾನಿಗಳು ಪಾಠ ಮಾಡಲಿ. ಜೊತೆಗೆ ದೌರ್ಜನ್ಯ ನಡೆದ ಊರಿನ ಮಹಜರನ್ನೂ ಮೇಜಿನ ಮೇಲೆ ಇಟ್ಟು ಓದಿಸಲಿ. ಪಂಚರಾಗಿ ಸಹಿ ಹಾಕಿದವರು ಯಾರ ಕಡೆಯವರು, ಪೊಲೀಸರು ಕೇರಿಗೆ ಬಂದದ್ದು ಎಷ್ಟು ಹೊತ್ತಿಗೆ ಅಂತ ಕೇಳೋದನ್ನ ಕಲಿಸಲಿ.

ಅವರು ಕಲಿಯೋವರೆಗೆ ನಾವು ಕಾಯಬೇಕಾಗಿಲ್ಲ. ಬಿಎಸ್ಸಿ ಓದೋ ಗೆಳೆಯರು ಹಾಸ್ಟೆಲಿಗೆ ಇಬ್ಬಿಬ್ಬರಾದರೂ ಇದ್ದೀರಿ. ದೌರ್ಜನ್ಯ ನಡೆದ ಊರಿಗೆ ಹೋದಾಗ ಘೋಷಣೆ ಕೂಗೋಕೆ ಮೊದಲು ನೋಟ್‌ಬುಕ್ ತೆಗೆಯಿರಿ. ಗಂಟೆ, ದಿನ ಬರೆದುಕೊಳ್ಳಿ. ರಕ್ತದ ಹಸಿ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಬೂಷ್ಟು ಹಿಡಿದು ಡಿಎನ್ಎ ಕೆಡ್ತದೆ. ನೆರಳಲ್ಲಿ ಒಣಗಿಸಿ ಕಾಗದದ ಚೀಲಕ್ಕೆ ಹಾಕಿ ಸೀಲು ಮಾಡಬೇಕು. ಅದು ಪೊಲೀಸರ ಕೆಲಸ, ನೀವು ಮುಟ್ಟಬೇಡಿ. ಹೇಗೆ ಮಾಡಿದರು ಅನ್ನೋದನ್ನ ಮಾತ್ರ ಬರೆದಿಡಿ. ಸರ್ಕಾರಿ ಲ್ಯಾಬಿನ ತಜ್ಞರ ವರದಿಯನ್ನು ಅವರನ್ನು ಕರೆಸದೆಯೇ ಕೋರ್ಟು ಓದಿಕೊಳ್ಳಬಹುದು ಅಂತ ಕಾನೂನಿದೆ. ಕರೆಸಬೇಕು ಅನ್ನಿಸಿದರೆ ಕರೆಸಬಹುದು ಅಂತಲೂ ಅದರಲ್ಲೇ ಇದೆ. ದಾಖಲೆ ತರಿಸಿ, ಸಾಕ್ಷಿ ಕರೆಸಿ ಅಂತ ವಿಶೇಷ ಕೋರ್ಟಿಗೆ ಅರ್ಜಿ ಹಾಕೋ ಹಕ್ಕು ದೌರ್ಜನ್ಯಕ್ಕೆ ಒಳಗಾದವರಿಗೂ ಅವರ ಅವಲಂಬಿತರಿಗೂ ಇದೆ: ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸೇರಿದ 15ಎ ಸೆಕ್ಷನ್ನು, ನಾಲ್ಕನೇ ಉಪಕಲಮು. ಮುಂದಿನ ಸಲ ಊರಿಗೆ ಹೋಗುವಾಗ ಅದರ ಒಂದು ನಕಲು ಜೇಬಿನಲ್ಲಿರಲಿ.