ಮಂಚದ ಮೇಲೆ ಮಲಗಿದವನ ರುಜು

ಗಿರಾಕಿ ಎದ್ದು ಹೋದಾನೆಂಬ ಭಯವೇ ದರವನ್ನು ಹತೋಟಿಯಲ್ಲಿಡುವುದೆಂದು ನಮ್ಮ ಅಂಗಡಿಕಾರ ಮಿತ್ರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಬೇಳೆ ದುಬಾರಿಯೆನಿಸಿದರೆ ಅವನು ಎದುರಂಗಡಿಗೆ ಹೋಗುತ್ತಾನೆ. ಆದರೆ ಎದೆ ಹಿಡಿದುಕೊಂಡು ಕುಸಿದವನು, ಯಂತ್ರಕ್ಕೆ ಕೈ ಸಿಕ್ಕಿ ರಕ್ತ ಸುರಿಸುತ್ತಿರುವವನು ಯಾವ ಎದುರಂಗಡಿಗೆ ಹೋಗಬೇಕು? ಆ ಹೊತ್ತಿನ ಪಾಳಿಯಲ್ಲಿರುವ ವೈದ್ಯನೇ ಅವನ ವೈದ್ಯ. ಆ ವೈದ್ಯನ ಹೆಸರು ವಿಮೆಯ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸುವ ತ್ರಾಣ ಅವನಲ್ಲಿರುವುದಿಲ್ಲ. ತುರ್ತು ಚಿಕಿತ್ಸೆಯ ವೈದ್ಯನು ವಿಮೆಯಲ್ಲಿ ಹೆಸರು ನೋಂದಾಯಿಸುವುದು ಅವನ ಇಷ್ಟಕ್ಕೆ ಬಿಟ್ಟ ಮಾತೇ? ಈ ಪ್ರಶ್ನೆಗೆ ಅಮೆರಿಕಾ ದೇಶವು ತೆತ್ತ ಬೆಲೆಯನ್ನು ಓದುಗರ ಮುಂದಿಡಬಯಸುತ್ತೇವೆ.

ಆ ದೇಶದಲ್ಲಿ 65 ವರ್ಷ ದಾಟಿದವರಿಗೆ ಮೆಡಿಕೇರ್ ಎಂಬ ಸರಕಾರಿ ವಿಮೆಯುಂಟು. 1965ರ ಜುಲೈ 30ರಂದು ಅಧ್ಯಕ್ಷ ಜಾನ್ಸನ್ನರು ಅದಕ್ಕೆ ರುಜು ಹಾಕಿದರು. ಮರುವರ್ಷ ಜುಲೈ 1ರಿಂದ ಅದು ಜಾರಿಗೆ ಬಂತು. ಇದು ಬರಬಾರದೆಂದು ಅಲ್ಲಿನ ವೈದ್ಯರ ಸಂಘವು ಮಾಡಿದ ಗದ್ದಲ ಅಷ್ಟಿಷ್ಟಲ್ಲ. 1961ರಲ್ಲಿ ರೊನಾಲ್ಡ್ ರೇಗನ್ ಎಂಬ ಸಿನಿಮಾ ನಟನಿಂದ ಭಾಷಣ ಮಾಡಿಸಿ, ಗ್ರಾಮಫೋನ್ ತಟ್ಟೆ ಹೊರಡಿಸಿ, ಇದು ಸಮಾಜವಾದದ ಪಿಡುಗೆಂದು ಮನೆಮನೆಗೆ ಕೇಳಿಸಿದರು. (ಆ ನಟನೇ 1981ರಲ್ಲಿ ದೇಶದ ಅಧ್ಯಕ್ಷನಾದ, ವಿಮೆ ಮಾತ್ರ ಉಳಿಯಿತು.) ಕೊನೆಗೆ ವೈದ್ಯರಲ್ಲಿ ಬಹುಮಂದಿ ತಾವಾಗಿಯೇ ಹೆಸರು ನೋಂದಾಯಿಸಿದರು. ನೋಂದಣಿಯೆಂಬುದು ಬರೀ ಕಾಗದವಲ್ಲ. ಕರಿಯರನ್ನು ಬೇರೆ ವಾರ್ಡಿಗೆ ಅಟ್ಟುವ ಆಸ್ಪತ್ರೆಗೆ ಈ ವಿಮೆಯ ಹಣವಿಲ್ಲವೆಂದು 1966ರಲ್ಲಿ ಸರಕಾರ ಹಟ ಹಿಡಿದಾಗ, ಸುಮಾರು ಒಂದು ಸಾವಿರ ಆಸ್ಪತ್ರೆಗಳು ಕೆಲವೇ ತಿಂಗಳಲ್ಲಿ ತಮ್ಮ ಅಡ್ಡಗೋಡೆಗಳನ್ನು ತೆಗೆದುಹಾಕಿದವು. ಧರ್ಮೋಪದೇಶದಿಂದ ಆಗದಿದ್ದುದು ನೋಂದಣಿಯ ಶರತ್ತಿನಿಂದ ಆಯಿತು.

1997ರ ಕಾಯಿದೆಯೊಂದು ವೈದ್ಯರಿಗೆ ಬೇರೊಂದು ದಾರಿ ತೆರೆಯಿತು. ಮೆಡಿಕೇರ್ ಬೇಡವೆನ್ನುವ ವೈದ್ಯನು ಎರಡೆರಡು ವರ್ಷದ ಅವಧಿಗೆ ಹೊರಗುಳಿದು, ರೋಗಿಯೊಡನೆ ನೇರ ಕರಾರು ಮಾಡಿಕೊಂಡು ಮನಬಂದ ಶುಲ್ಕ ಪಡೆಯಬಹುದು. ಆದರೆ ಅದಕ್ಕೊಂದು ಕಟ್ಟುಪಾಡುಂಟು. ತುರ್ತು ಸ್ಥಿತಿಯಲ್ಲಿ ಬಂದ ರೋಗಿಯಿಂದ ಅಂಥ ಕರಾರಿಗೆ ರುಜು ಹಾಕಿಸಿಕೊಳ್ಳುವಂತಿಲ್ಲ. ಮೊದಲೇ ಕರಾರಿಲ್ಲದಿದ್ದರೆ ಆ ವೈದ್ಯನು ಚಿಕಿತ್ಸೆ ಕೊಟ್ಟು, ಬಿಲ್ಲನ್ನು ಮೆಡಿಕೇರಿಗೇ ಕಳಿಸಬೇಕು. ಸರಕಾರ ಗೊತ್ತುಪಡಿಸಿದ ಮಿತಿಗಿಂತ ಒಂದು ಕಾಸೂ ಹೆಚ್ಚು ಕೇಳುವಂತಿಲ್ಲ. ಮಂಚದ ಮೇಲೆ ನರಳುತ್ತಿರುವವನ ಕೈಗೆ ಲೇಖನಿ ಕೊಡಬಾರದೆಂಬ ಇಷ್ಟು ವಿವೇಕ ಸಾರ್ವಜನಿಕ ವಿಮೆಯ ಕಾಯಿದೆಗಿತ್ತು.

ಆದರೆ 65 ತುಂಬದ ದುಡಿಮೆಗಾರನ ಗತಿ? ಅವನು ಬಹುಪಾಲು ಧಣಿಯ ಮೂಲಕ ಬರುವ ಖಾಸಗಿ ವಿಮೆಯನ್ನೇ ನಂಬಿದವನು. ತುರ್ತು ವಿಭಾಗಕ್ಕೆ ಬಂದ ಯಾರನ್ನೂ ಪರೀಕ್ಷಿಸದೆ, ಅಪಾಯದಿಂದ ಪಾರುಮಾಡದೆ ಕಳಿಸಬಾರದೆಂದು 1986ರ ಕಾಯಿದೆ ವಿಧಿಸಿತು. ಬಿಲ್ಲಿನ ವಿಷಯಕ್ಕೆ ಅದು ಬಾಯಿ ಬಿಡಲಿಲ್ಲ. ಆ ಸಂದಿಯಲ್ಲಿ ಬಂಡವಾಳ ನುಗ್ಗಿತು. ಆಸ್ಪತ್ರೆಯ ಹೆಸರು ವಿಮಾ ಪಟ್ಟಿಯಲ್ಲಿದೆಯೆಂದು ನಂಬಿ ಒಳಗೆ ಹೋದರೆ, ಅಲ್ಲಿ ನಿಂತ ವೈದ್ಯನ ಹೆಸರು ಪಟ್ಟಿಯಲ್ಲಿಲ್ಲ. ಏಕೆಂದರೆ ಅನೇಕ ಕಡೆ ಅವನು ಆಸ್ಪತ್ರೆಯ ನೌಕರನಲ್ಲ, ಗುತ್ತಿಗೆ ಕಂಪನಿಯವನು. ಗುತ್ತಿಗೆ ಎಂಬ ಮಾತಿನ ಅರ್ಥವನ್ನು ನಮ್ಮ ಗಿರಣಿ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಟ್ಟಿಯಲ್ಲಿದ್ದ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಹೋದವರಲ್ಲಿ ನೂರಕ್ಕೆ 22 ಭೇಟಿಗಳಲ್ಲಿ ಪಟ್ಟಿಯಲ್ಲಿಲ್ಲದ ವೈದ್ಯನೇ ಗಂಟುಬಿದ್ದನೆಂದು ಯೇಲ್ ವಿಶ್ವವಿದ್ಯಾನಿಲಯದ ವಿದ್ವಾಂಸರು 2016ರಲ್ಲಿ ಲೆಕ್ಕ ತೋರಿಸಿದರು. ಇಂಥ ಕಂಪನಿಗಳಲ್ಲಿ ಒಂದಾದ ಎನ್‌ವಿಷನ್ನನ್ನು 2018ರಲ್ಲಿ ಕೆ.ಕೆ.ಆರ್. ಎಂಬ ಹಣದ ವ್ಯಾಪಾರಿಗಳ ಸಂಸ್ಥೆ ಕೊಂಡಿತು. ಈ ಹಗಲುದರೋಡೆ ನಿಲ್ಲಿಸುವ ಮಸೂದೆ ಬಂದಾಗ, 2019ರಲ್ಲಿ ಟೆಲಿವಿಷನ್ ಜಾಹೀರಾತುಗಳಿಗೆ ಕೋಟಿಗಟ್ಟಲೆ ಡಾಲರು ಸುರಿಯಲಾಯಿತು. ಆದರೂ 2020ರ ಡಿಸೆಂಬರಿನಲ್ಲಿ ಕಾಯಿದೆಯಾಗಿ, 2022ರ ಜನವರಿ 1ರಿಂದ ಜಾರಿಗೆ ಬಂತು. ಮುದುಕರಿಗೆ 1997ರಲ್ಲಿ ದೊರೆತ ರಕ್ಷಣೆ ದುಡಿಯುವ ವಯಸ್ಸಿನವರಿಗೆ ದೊರೆಯಲು ಇಪ್ಪತ್ತೈದು ವರ್ಷ ಹಿಡಿಯಿತು. 2023ರ ಮೇ ತಿಂಗಳಲ್ಲಿ ಎನ್‌ವಿಷನ್ ದಿವಾಳಿ ಅರ್ಜಿ ಹಾಕಿತು. ರಸ್ತೆಯ ಆಂಬುಲೆನ್ಸು ಮಾತ್ರ ಈ ಕಾಯಿದೆಯ ಹೊರಗೇ ಉಳಿದಿದೆ.

ವೈದ್ಯರ ದೂರಿನಲ್ಲೂ ಸತ್ಯವಿಲ್ಲದಿಲ್ಲ. ಸರಕಾರಿ ವಿಮೆ ಕೊಡುವ ದರ ಕಡಿಮೆ. ಕಾಸಿಲ್ಲದವನನ್ನೂ ರಾತ್ರಿಪಾಳಿಯಲ್ಲಿ ನೋಡಲೇಬೇಕು. ಹಾಗಾದರೆ ದರದ ಬಗ್ಗೆ ಸರಕಾರದೊಡನೆ ಕೂತು ವಾದಿಸಲಿ. ಕೆನಡಾದ ಸಸ್ಕಾಚೆವಾನ್ ಪ್ರಾಂತದಲ್ಲಿ 1962ರ ಜುಲೈ 1ರಂದು ಸಮಾಜವಾದಿ ಸರಕಾರ ಎಲ್ಲರಿಗೂ ವಿಮೆ ತಂದಾಗ ವೈದ್ಯರು ಅದೇ ದಿನ ಮುಷ್ಕರ ಹೂಡಿದರು. 23ನೆಯ ತಾರೀಖು ಒಪ್ಪಂದವಾಯಿತು. ಸರಕಾರ ಕೆಲವು ಮಾತಿನಲ್ಲಿ ಬಗ್ಗಿತು, ವಿಮೆಯನ್ನು ಬಿಡಲಿಲ್ಲ. ಮುಂದೆ ಅದೇ ಏರ್ಪಾಡು ಕೆನಡಾಕ್ಕೆಲ್ಲ ಹಬ್ಬಿತು.

ಇದೆಲ್ಲ ದೂರದ ಕತೆಯೆಂದು ಓದುಗರು ಪತ್ರಿಕೆ ಮಡಚಿಡಬಾರದು. ಅಪಘಾತಕ್ಕೊಳಗಾದ ಸ್ಕೂಟರ್ ಸವಾರನೊಬ್ಬನನ್ನು ಆಸ್ಪತ್ರೆಯೊಂದು 20 ಕಿಲೋಮೀಟರ್ ದೂರದ ಇನ್ನೊಂದಕ್ಕೆ ಅಟ್ಟಿ, ಅವನು ದಾರಿಯಲ್ಲೇ ಸತ್ತ ಪ್ರಕರಣದಿಂದ ಎದ್ದ ಅರ್ಜಿಯಲ್ಲಿ, ಜೀವ ಉಳಿಸುವುದು ಪ್ರತಿ ವೈದ್ಯನ ಕರ್ತವ್ಯವೆಂದು ನಮ್ಮ ಸುಪ್ರೀಂ ಕೋರ್ಟು 1989ರಲ್ಲೇ ಹೇಳಿತು. ಹಣ ಯಾರದೆಂಬ ಪ್ರಶ್ನೆ ನಿಂತೇ ಇತ್ತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ, ರಸ್ತೆ ಅಪಘಾತಕ್ಕೆ ಸಿಕ್ಕವರಿಗೆ ಏಳು ದಿನದ ತನಕ ಒಂದೂವರೆ ಲಕ್ಷ ರೂಪಾಯಿವರೆಗೆ ಕೈಯಿಂದ ಹಣ ಕಟ್ಟದೆ ಚಿಕಿತ್ಸೆಯೆಂದು ಯೋಜನೆ ಹೊರಡಿಸಿತು. ಸ್ವಾಗತವೇ. ಆದರೆ ಅದು ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮಾತ್ರ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲಿ ಸ್ಥಿತಿ ಒಂದು ಹದಕ್ಕೆ ಬರುವವರೆಗಿನ ಚಿಕಿತ್ಸೆಗಷ್ಟೇ ಹಣ. ಅಂಗಡಿಯಲ್ಲೇ ಎದೆನೋವು ಬಂದು ಬಿದ್ದ ವ್ಯಾಪಾರಿಗೆ ಇದರಲ್ಲಿ ಪಾಲಿಲ್ಲ, ಅವನು ಇ.ಎಸ್.ಐ. ಕಾರ್ಡಿನವನೂ ಅಲ್ಲ.

ಕ್ಯಾಜುವಲ್ಟಿ ಎಂದು ಬೋರ್ಡು ಹಾಕುವ ಆಸ್ಪತ್ರೆಗೆ ಪರವಾನಗಿ ಕೊಡುವಾಗಲೇ ಸಾರ್ವಜನಿಕ ವಿಮೆಗಳಲ್ಲಿ ನೋಂದಣಿಯನ್ನೂ ಕಡ್ಡಾಯ ಮಾಡಬೇಕೆಂದು ನಾವು ಒತ್ತಾಯಿಸುತ್ತೇವೆ. ಅಲ್ಲಿಯವರೆಗೆ ಜಿಲ್ಲಾ ಆಡಳಿತವು ಗೊತ್ತುಪಡಿಸಿದ ಆಸ್ಪತ್ರೆಗಳ ಹೆಸರುಗಳನ್ನು ದಪ್ಪಕ್ಷರದಲ್ಲಿ, ಕನ್ನಡದಲ್ಲಿ ಬರೆಸಿ, ಗಿರಣಿ ಗೇಟಿನಲ್ಲೂ ಬಸ್ ನಿಲ್ದಾಣದಲ್ಲೂ ತೂಗುಹಾಕಿಸಲಿ. ಆಂಬುಲೆನ್ಸಿನ ಚಾಲಕನಿಗಾದರೂ ಯಾವ ಕಡೆ ತಿರುಗಬೇಕೆಂದು ಗೊತ್ತಿರಲಿ.