ಮಳೆಯ ಲೆಕ್ಕ, ಮನುಷ್ಯರ ಲೆಕ್ಕ

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು. ಇತ್ತ ಉಲ್ಹಾಸ್ ನದಿ ಉಕ್ಕಿ ಕಲ್ಯಾಣ, ಬದಲಾಪುರದ ತಗ್ಗು ಜಾಗಗಳೆಲ್ಲ ಮುಳುಗಿದವು. ಮಳೆಯ ಅಂಕಿ ಯಾರನ್ನು ಕೇಳಿದರೂ ಸಿಗುತ್ತದೆ. ಆದರೆ ಆ ರಾತ್ರಿ ಡೊಂಬಿವಲಿಯ ಖಾಡಿ ಬದಿಯ ನಮ್ಮ ಚಾಳಿನಲ್ಲಿ ಮೆಟ್ಟಿಲು ಹತ್ತಲಾರದವರು ಎಷ್ಟು ಜನರಿದ್ದರು? ಆ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ.

ನಾನಾಗ ಎರಡು ತಿಂಗಳ ಕೂಸು. ಅಮ್ಮ ಹೇಳಿದ ಮಾತಿದು. ನೀರು ಹೊಸ್ತಿಲು ದಾಟಿದಾಗ ಎಲ್ಲರೂ ಮಹಡಿಗೆ ಓಡಿದರು. ಕೊನೆಯ ಖೋಲಿಯ ಅಜ್ಜಿ ಸೊಂಟ ಮುರಿದು ಹಾಸಿಗೆ ಹಿಡಿದಿದ್ದರು. ಇವರು ಕರೆತಂದಿರಬಹುದು ಅಂತ ಅವರು, ಅವರು ಕರೆತಂದಿರಬಹುದು ಅಂತ ಇವರು. ನಡುರಾತ್ರಿ ಯಾರೋ “ಅಜ್ಜಿ ಎಲ್ಲಿ?” ಅಂದಾಗಲೇ ಎಲ್ಲರಿಗೂ ಎಚ್ಚರವಾದದ್ದು. ಹೋಗಿ ನೋಡಿದರೆ ನೀರು ಮಂಚದ ಹಲಗೆ ಮುಟ್ಟಿತ್ತಂತೆ. ಅಜ್ಜಿ ಉಳಿದರು. ಅದು ನಮ್ಮ ಜಾಣತನದಿಂದಲ್ಲ, ಅವರ ಆಯುಸ್ಸು ಗಟ್ಟಿಯಿತ್ತು ಅಷ್ಟೆ.

ಈಗ ಕಂಪ್ಯೂಟರ್ ಇದೆಯಲ್ಲ, ಇನ್ನೇನು ಭಯ ಅಂತ ಗೆಳೆಯರು ಕೇಳುತ್ತಾರೆ. ಹೌದು, 2020ರಲ್ಲಿ ಮುಂಬಯಿಗಾಗಿ ‘ಐಫ್ಲೋಸ್’ ಎಂಬ ಪ್ರವಾಹ ಮುನ್ಸೂಚನೆಯ ವ್ಯವಸ್ಥೆ ಬಂತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಆ್ಯಪ್ ಎಚ್ಚರಿಕೆ ಕೊಡುತ್ತದೆ. ಒಳ್ಳೆಯದೇ. ಆದರೆ ಇವು ಮಳೆನೀರಿನ ಲೆಕ್ಕ. ಅಜ್ಜಿ ಎಲ್ಲಿದ್ದಾರೆ ಅಂತ ನೆರೆಯವರೇ ಹೇಳಬೇಕು.

ಮನುಷ್ಯರ ಲೆಕ್ಕಕ್ಕೂ ದಾರಿಯಿದೆ. 2004ರ ಡಿಸೆಂಬರಿನಲ್ಲಿ ಸುನಾಮಿ ಬಡಿದಾಗ ಶ್ರೀಲಂಕೆಯ ಸ್ವಯಂಸೇವಕರು ‘ಸಹನಾ’ ಎಂಬ ತಂತ್ರಾಂಶ ಬರೆದರು. ಸಿಂಹಳದಲ್ಲಿ ಆ ಮಾತಿಗೆ ಪರಿಹಾರ ಎಂದರ್ಥ. ಕಾಣೆಯಾದವರು ಯಾರು, ಯಾವ ಶಿಬಿರದಲ್ಲಿ ಎಷ್ಟು ಜನ, ಯಾರಿಗೆ ಏನು ಬೇಕು, ಯಾರ ಬಳಿ ಏನಿದೆ ಎಂಬುದನ್ನು ಅದು ಬರೆದಿಡುತ್ತದೆ. ಬಿ.ಕಾಂ. ಓದುವ ನನಗೆ ಇದು ಜಮಾ-ಖರ್ಚಿನ ಪುಸ್ತಕದಂತೆಯೇ ಕಂಡಿತು! ಅದನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು.

ಥಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯಿಂದ ಬರುವ ನಾವು ತಲಾ ಒಂದು ಕಟ್ಟಡದಿಂದ ಇಂಥದ್ದನ್ನು ಶುರುಮಾಡಬಾರದೇಕೆ? ಕಂಪ್ಯೂಟರ್ ವಿಭಾಗದ ಗೆಳೆಯರು ಸಣ್ಣ ತಂತ್ರಾಂಶ ಮಾಡಲಿ. ಪ್ರಶ್ನೆಗಳನ್ನು ಕನ್ನಡದಲ್ಲೂ ಮರಾಠಿಯಲ್ಲೂ ನಾವು ಬರೆಯೋಣ. ಕನ್ನಡ ಶಾಲೆಯಿಂದ ಬಂದ ನನಗೆ ಕಾಲೇಜಿನ ಮೊದಲ ಇಂಗ್ಲಿಷ್ ಅರ್ಜಿ ತುಂಬುವಾಗಲೇ ಬೆವರು ಇಳಿದಿತ್ತು. ನೀರು ಏರುವ ಹೊತ್ತಿನಲ್ಲಿ ಯಾರು ಇಂಗ್ಲಿಷ್ ಓದುತ್ತಾ ಕೂರುತ್ತಾರೆ?

ಎರಡು ಎಚ್ಚರಿಕೆ ಬೇಕು. ಮಳೆಯಲ್ಲಿ ಮೊದಲು ಕೈಕೊಡುವುದು ಕರೆಂಟು. ಹಾಗಾಗಿ ಪಟ್ಟಿಯ ಒಂದು ಪ್ರತಿ ಕಾಗದದ ಮೇಲೆ ಮೇಲ್ಮಹಡಿಯಲ್ಲಿರಲಿ. ಒಂಟಿ ಮುದುಕಿ ಎಲ್ಲಿದ್ದಾಳೆ ಎಂಬ ವಿಷಯ ಕಳ್ಳನಿಗೂ ಉಪಯೋಗವೇ. ಆದ್ದರಿಂದ ಪಟ್ಟಿ ಕಟ್ಟಡದವರ ಕೈಯಲ್ಲೇ ಇರಲಿ, ಊರೆಲ್ಲ ಹರಡುವುದು ಬೇಡ.

ಮುಂದಿನ ಸಭೆಯಲ್ಲಿ ಕವಿಗೋಷ್ಠಿ ಮುಗಿದ ಮೇಲೆ ಇದಕ್ಕೆ ಹತ್ತು ನಿಮಿಷ ಕೊಡಿ. ನಮ್ಮ ಚಾಳಿನ ಪಟ್ಟಿ ನಾನು ತರುತ್ತೇನೆ. ಖೋಲಿಗಳು 24, ಮೆಟ್ಟಿಲು ಹತ್ತಲಾರದವರು 5. ನಿಮ್ಮ ಕಟ್ಟಡದಲ್ಲಿ ಎಷ್ಟು ಜನ? ಕೇಳಿಕೊಂಡು ಬನ್ನಿ.