ಫಲಿತಾಂಶದ ನಂತರ ಕೇಳಬೇಕಾದ ಪ್ರಶ್ನೆ

ಮಳೆಗಾಲದ ಆರಂಭದೊಂದಿಗೆ ನೀಟ್ ಪರೀಕ್ಷೆಯ ಫಲಿತಾಂಶವೂ ನಮ್ಮ ಮನೆಗಳನ್ನು ತಲಪುತ್ತದೆ. ಅನಂತರದ ಭಾನುವಾರ ಇಗರ್ಜಿಯ ಅಂಗಳದಲ್ಲಿ ಕೇಳಿಬರುವುದು ಒಂದೇ ಪ್ರಶ್ನೆ: "ಎಷ್ಟು ಬಂತು?" ಆ ಪ್ರಶ್ನೆಗೆ ಅಂಜಿ ಬೆಳಗಿನ ಮೊದಲ ಪೂಜೆಗೇ ಹೋಗಿ, ಯಾರೊಡನೆಯೂ ಮಾತನಾಡದೆ ಮನೆಗೆ ಮರಳುವ ಮಕ್ಕಳು ನಮ್ಮ ನಡುವೆ ಇದ್ದಾರೆ. ಅವರನ್ನೂ ಅವರ ತಂದೆತಾಯಂದಿರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ವಾರ ಕೆಲವು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲಾಗಿ, ಅಂಕ ಕಡಿಮೆಯಾಯಿತೆಂದರೆ ಬುದ್ಧಿ ಕಡಿಮೆಯೆಂದು ತಿಳಿಯಬೇಕಾಗಿಲ್ಲ. 2025ರಲ್ಲಿ ಸುಮಾರು 22 ಲಕ್ಷ ಮಂದಿ ಈ ಪರೀಕ್ಷೆ ಬರೆದರು. 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹತೆ ಪಡೆದರು. ಆದರೆ ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಸುಮಾರು 1.2 ಲಕ್ಷ ಮಾತ್ರ. ಅಂದರೆ ಅರ್ಹರಾದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಸೀಟು ದೊರೆಯುವಂತೆಯೇ ಇರಲಿಲ್ಲ. ಇದು ಲೆಕ್ಕದ ಮಾತು. ಯಾವ ಮಗುವಿನ ಯೋಗ್ಯತೆಯ ಕುರಿತ ತೀರ್ಪಲ್ಲ.

ಫಲಿತಾಂಶ ನಿರಾಶೆ ತಂದಾಗ ಧರ್ಮಗುರುಗಳ ಬಳಿಗೋ ಧರ್ಮಾಧ್ಯಕ್ಷರ ನಿವಾಸಕ್ಕೋ ಶಿಫಾರಸಿನ ಪತ್ರಕ್ಕಾಗಿ ಓಡುವ ರೂಢಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಅಲ್ಪಸಂಖ್ಯಾತರ ವೈದ್ಯಕೀಯ ಕಾಲೇಜುಗಳಿಗೂ ನೀಟ್ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 2020ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ತೀರ್ಪಿತ್ತಿದೆ. ಕ್ರೈಸ್ತ ವಿದ್ಯಾರ್ಥಿಗಳಿಗೆ ಮೀಸಲಾದ ಸೀಟುಗಳಿದ್ದರೂ ಅವು ದೊರೆಯುವುದು ಅರ್ಹತೆಯ ಕ್ರಮದಲ್ಲಿಯೇ. ಕೊಡಲು ಅಧಿಕಾರವಿಲ್ಲದವರಲ್ಲಿ ಬೇಡಿ, ಸಿಗಲಿಲ್ಲವೆಂದು ಮುನಿಸಿಕೊಳ್ಳುವುದು ನ್ಯಾಯವಲ್ಲ.

ಇನ್ನು ಉಳಿದಿರುವ ಹಾದಿಗಳು ಮೂರು. ಒಂದು, ಹಣ ತೆತ್ತು ಸೇರುವುದು. ಅನಿವಾಸಿ ಭಾರತೀಯರ ಕೋಟಾದಂತಹ ಸೀಟುಗಳಿಗೆ ವರ್ಷಕ್ಕೆ ಹತ್ತಾರು ಲಕ್ಷ ರೂಪಾಯಿ ಬೇಕು. ಅಷ್ಟು ಶಕ್ತಿಯುಳ್ಳವರ ಮಾತು ಬೇರೆ. ಆದರೆ ಇದ್ದ ಒಂದೇ ತೋಟವನ್ನು ಅಡವಿಟ್ಟು ಓದಿಸಿದ ಮಗ, ವೈದ್ಯನಾದ ದಿನದಿಂದಲೇ ರೋಗಿಯಲ್ಲಿ ಸಾಲದ ಕಂತನ್ನು ಕಾಣತೊಡಗಿದರೆ ಆ ತಪ್ಪು ಯಾರದು?

ಎರಡನೆಯದು, ವಿದೇಶಕ್ಕೆ ಹೋಗುವುದು. ಇದಕ್ಕೂ ನೀಟ್‌ನಲ್ಲಿ ಅರ್ಹತೆ ಬೇಕು. 2021ರ ನಿಯಮಗಳ ಪ್ರಕಾರ ಅಲ್ಲಿ 54 ತಿಂಗಳ ವ್ಯಾಸಂಗವನ್ನೂ ಒಂದು ವರ್ಷದ ತರಬೇತಿಯನ್ನೂ ಮುಗಿಸಿ, ಹಿಂದಿರುಗಿದ ಬಳಿಕ ಇಲ್ಲಿಯ ಅರ್ಹತಾ ಪರೀಕ್ಷೆಯನ್ನು ದಾಟಬೇಕು. ಇತ್ತೀಚಿನ ವರ್ಷಗಳಲ್ಲಿ ಆ ಪರೀಕ್ಷೆ ಬರೆದವರಲ್ಲಿ ಮೂರನೆಯ ಒಂದು ಭಾಗದಷ್ಟು ಮಂದಿಯೂ ಉತ್ತೀರ್ಣರಾಗದ ಸಂದರ್ಭಗಳೇ ಹೆಚ್ಚು. 2022ರಲ್ಲಿ ಯುಕ್ರೇನಿನ ಯುದ್ಧದ ನಡುವೆ ನಮ್ಮ ವಿದ್ಯಾರ್ಥಿಗಳು ಪಟ್ಟ ಪಾಡನ್ನು ಯಾರೂ ಮರೆತಿರಲಾರರು. ದಲ್ಲಾಳಿಗಳ ಬಣ್ಣದ ಕರಪತ್ರದಲ್ಲಿ ಈ ಸಂಗತಿಗಳು ಅಚ್ಚಾಗುವುದಿಲ್ಲ.

ಮೂರನೆಯದು, ಮತ್ತೊಮ್ಮೆ ಬರೆಯುವುದು. ಎಷ್ಟು ಬಾರಿ ಬರೆಯಬಹುದೆಂಬುದಕ್ಕೆ ಮಿತಿ ಇಲ್ಲ. ಗರಿಷ್ಠ ವಯೋಮಿತಿಯನ್ನೂ 2022ರಲ್ಲಿ ತೆಗೆದುಹಾಕಲಾಗಿದೆ. ನಿಯಮದಲ್ಲಿ ಮಿತಿ ಇಲ್ಲದಿರುವುದರಿಂದಲೇ ಮನೆಯಲ್ಲಿ ಅದನ್ನು ನಾವೇ ಹಾಕಿಕೊಳ್ಳಬೇಕಾಗುತ್ತದೆ. ಅನಾರೋಗ್ಯದಿಂದಲೋ, ಭೌತಶಾಸ್ತ್ರದಂತಹ ಒಂದು ವಿಷಯದ ಬುನಾದಿ ಗಟ್ಟಿಯಿಲ್ಲದೆಯೋ ಅಂಕ ಕೈತಪ್ಪಿದ್ದರೆ ಒಂದು ವರ್ಷದ ಶ್ರಮ ವ್ಯರ್ಥವಾಗದು. ಕಾರಣವೇ ತಿಳಿಯದೆ ಹಟಕ್ಕೆ ಬಿದ್ದು ಎರಡು, ಮೂರು ವರ್ಷಗಳನ್ನು ಕಳೆಯುವುದು ಮಾತ್ರ ವಿವೇಕವೆನಿಸದು.

ಈ ಮೂರು ಹಾದಿಗಳಲ್ಲಿ ಯಾವುದನ್ನು ಹಿಡಿಯುವ ಮೊದಲೂ ಮಗುವನ್ನು ಹತ್ತಿರ ಕೂರಿಸಿಕೊಂಡು ಕೇಳಬೇಕಾದ ಪ್ರಶ್ನೆ ಒಂದಿದೆ: ನಿನಗೆ ಬೇಕಾಗಿರುವುದು ರೋಗಿಯ ಸೇವೆಯೋ, ಹೆಸರಿನ ಹಿಂದಿನ 'ಡಾಕ್ಟರ್' ಎಂಬ ಪದವೋ? ಅಥವಾ ಈ ಆಸೆ ನಿನ್ನದಲ್ಲದೆ ನಮ್ಮದೋ? ತರಬೇತಿಯೂ ಸೇರಿ ಐದೂವರೆ ವರ್ಷ, ಸ್ನಾತಕೋತ್ತರ ಪದವಿಗೆ ಮತ್ತೆ ಪರೀಕ್ಷೆ, ಮತ್ತೆ ಮೂರು ವರ್ಷ. ಇಷ್ಟು ದೀರ್ಘ ಹಾದಿಯನ್ನು ತಂದೆತಾಯಿಯ ಆಸೆಯ ಬಲದಿಂದ ಮಾತ್ರ ನಡೆಯಲಾಗದು.

ಸೇವೆಯೇ ಬೇಕೆಂದಾದರೆ ಅದಕ್ಕೆ ಬಾಗಿಲುಗಳು ಹಲವು. ದಾದಿಯರು, ಫಿಸಿಯೋಥೆರಪಿ ತಜ್ಞರು, ಪ್ರಯೋಗಾಲಯದ ತಂತ್ರಜ್ಞರು, ಔಷಧ ಶಾಸ್ತ್ರಜ್ಞರು ಇಲ್ಲದೆ ಯಾವ ಆಸ್ಪತ್ರೆಯೂ ಒಂದು ದಿನ ನಡೆಯದು. ನಮ್ಮ ಎಷ್ಟೋ ಮನೆಗಳ ಹೆಂಚು, ಗೋಡೆಗಳು ಗಲ್ಫ್ ದೇಶಗಳಲ್ಲಿ ದುಡಿದ ದಾದಿಯರ ಸಂಬಳದಿಂದ ಎದ್ದವು. ಅದೇ ಮನೆಗಳಲ್ಲಿ ಇಂದು ನರ್ಸಿಂಗ್ ಸೇರುವುದನ್ನು ಸೋಲೆಂದು ಭಾವಿಸುವುದು ಕೃತಘ್ನತೆಯೆಂದೇ ನಮ್ಮ ಅಭಿಪ್ರಾಯ. ರೋಗಿಗಿಂತ ಪುಸ್ತಕವೋ ಯಂತ್ರವೋ ಕೃಷಿಯೋ ಪ್ರಿಯವೆಂದು ಮಗು ಹೇಳಿದರೆ ಅದನ್ನೂ ಸಂತೋಷದಿಂದ ಒಪ್ಪಿಕೊಳ್ಳೋಣ.

ಕೊನೆಯದಾಗಿ ತಂದೆತಾಯಂದಿರಲ್ಲಿ ಒಂದು ಬಿನ್ನಹ. ಫಲಿತಾಂಶ ಬಂದ ದಿನ ನೆರೆಮನೆಯ ಮಕ್ಕಳ ಅಂಕದ ಮಾತು ಬೇಡ. ಖರ್ಚಾದ ಹಣದ ಲೆಕ್ಕವೂ ಬೇಡ. ಮಗು ಊಟ ಬಿಟ್ಟು, ನಿದ್ದೆಗೆಟ್ಟು, ಮಾತು ನಿಲ್ಲಿಸಿದ್ದರೆ ಅದನ್ನು ಹಟವೆಂದು ಕಡೆಗಣಿಸಬೇಡಿ, ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ದೊರೆಯುತ್ತದೆ. ಸೀಟು ಈ ವರ್ಷವಲ್ಲದಿದ್ದರೆ ಮುಂದಿನ ವರ್ಷ ಸಿಗಬಹುದು, ಸಿಗದೆಯೂ ಇರಬಹುದು. ಮಗುವಿಗೆ ಬದಲಿಯಿಲ್ಲ.

ಬರುವ ಭಾನುವಾರ ಇಗರ್ಜಿಯ ಅಂಗಳದಲ್ಲಿ ಅಂತಹ ಮಗು ಎದುರಾದರೆ "ಎಷ್ಟು ಬಂತು?" ಎಂದು ನಾವು ಯಾರೂ ಕೇಳದಿರೋಣ. "ಹೇಗಿದ್ದೀ?" ಎಂದು ಕೇಳೋಣ.